ಅಜ್ಜನ ಕಿವಿ, ನಿಮ್ಮ ಬಿಪಿ

ಆಶಾ ಕಾರ್ಯಕರ್ತೆಯರ ಕೈಯಲ್ಲಿ ಒಂದು ಫಾರ್ಮ್ ಇರುತ್ತದೆ. ಮೂವತ್ತು ದಾಟಿದವರನ್ನು ಬೀಡಿ ಸೇದುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿ ತುಂಬುವ ಫಾರ್ಮ್. ಅದರಲ್ಲಿ ಅರವತ್ತು ದಾಟಿದವರಿಗೆಂದೇ ಬೇರೆ ಪ್ರಶ್ನೆಗಳಿವೆ. ಹತ್ತಿರದವರ ಹೆಸರು, ಸ್ವಂತ ಮನೆಯ ವಿಳಾಸ ಮರೆಯುತ್ತೀರಾ ಎಂಬುದು ಅವುಗಳಲ್ಲಿ ಒಂದು. ಕಟ್ಟೆಯ ಮೇಲೆ ಕೂತ ಅಜ್ಜಿ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮೊಮ್ಮಗ ಕೂಗುತ್ತಾನೆ: "ಏನಿಲ್ರಿ ಅಕ್ಕಾರ, ವಯಸ್ಸಾಗೇತಿ, ಒಂದಿಷ್ಟು ಮರವು. ಇಲ್ಲ ಅಂತ ಬರಕೋರಿ." ಅಕ್ಕ 'ಇಲ್ಲ' ಎಂದು ಗುರುತು ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಾಳೆ.

ಆ ಮೊಮ್ಮಗನ ಜೊತೆ ಸ್ವಲ್ಪ ಮಾತಾಡಬೇಕಾಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಕಡೆಯವನಾದರೂ ಸರಿ. ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಉಪದೇಶದ ಚಟ ಬಿಡುವುದಿಲ್ಲ, ಸಹಿಸಿಕೊಳ್ಳಿ.

ತಮ್ಮಾ, 'ಅರವತ್ತಕ್ಕೆ ಅರಳು ಮರಳು' ಎಂದು ನಾವು ಬಲು ಸಲೀಸಾಗಿ ಹೇಳಿ ಕೈತೊಳೆದುಕೊಳ್ಳುತ್ತೇವೆ. ನಮ್ಮದೇ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆಗ ಅವರ ವಯಸ್ಸು 96. ರಾಮಾಯಣ, ಮಹಾಭಾರತಗಳನ್ನು ತೊಗಲುಗೊಂಬೆಯಲ್ಲಿ ಆಡಿಸುತ್ತ ಬಂದ ಹಿರಿಯ ಜೀವ. ವಯಸ್ಸು ಏರಿದಂತೆ ಮರೆವಿನ ರೋಗದ ಅಪಾಯ ಹೆಚ್ಚುತ್ತದೆ ನಿಜ. ಆದರೆ ವಯಸ್ಸಾದವರಿಗೆಲ್ಲ ಅದು ಬಂದೇ ಬರುತ್ತದೆ ಎಂಬುದು ಸುಳ್ಳು. ಡಿಮೆನ್ಷಿಯಾ ಎನ್ನುವುದು ಮಿದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಅಲ್ಝೈಮರ್ ಕಾಯಿಲೆ. ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟು ಬರುವ ಬಗೆಯೂ ನಮ್ಮಲ್ಲಿ ಬಹಳ ಇದೆ. ಎಷ್ಟೋ ಮಂದಿಯಲ್ಲಿ ಎರಡೂ ಕೂಡಿಯೇ ಇರುತ್ತವೆ.

ಇದು ಬೆಂಗಳೂರಿನ ಓದಿದವರ ಕಾಯಿಲೆ ಎಂದು ತಿಳಿದಿದ್ದರೆ ಆ ಮಾತು ಬಿಟ್ಟುಬಿಡಿ. ದೇಶದಾದ್ಯಂತ ಹಿರಿಯರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಹಾಗಾದರೆ ಹಳ್ಳಿಯ ಮುದುಕಿಯರೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು. ಅವರ ಪರವಾಗಿ 'ಇಲ್ಲ ಅಂತ ಬರಕೋರಿ' ಅನ್ನುವವರು ನಾವು.

ಈ ಮಾತನ್ನು ನನ್ನ ಓರಗೆಯವರಿಗೆ ಹೇಳದೆ ನಿಮಗೆ ಹೇಳುವುದಕ್ಕೆ ಕಾರಣವಿದೆ. ಅಲ್ಝೈಮರ್‌ನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನ ಜೀವಕೋಶಗಳ ನಡುವೆ ಗಡ್ಡೆಗಟ್ಟುತ್ತದೆ. ಟಾವ್ ಎಂಬ ಇನ್ನೊಂದು ಪ್ರೋಟೀನು ಕೋಶದ ಒಳಗೇ ಸಿಕ್ಕುಗಟ್ಟಿ ಅದನ್ನು ಕೊಲ್ಲುತ್ತದೆ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ತನ್ನ ರೋಗಿಯೊಬ್ಬಳ ಮಿದುಳಿನಲ್ಲಿ ಇವೆರಡನ್ನೂ ಕಂಡು 1906ರಲ್ಲೇ ವರದಿ ಮಾಡಿದ. ಇತ್ತೀಚಿನ ದಶಕಗಳಲ್ಲಿ ಖಚಿತವಾದ ಸಂಗತಿ ಬೇರೆ: ಮೊದಲ ಮರೆವು ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಈ ಕೆಲಸ ಶುರುವಾಗಿರುತ್ತದೆ. ನಮ್ಮ ಮುನಿರಾಬಾದಿನ ಡ್ಯಾಮ್ ನೋಡಿ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಹೂಳು ಮಳೆಗಾಲ ಮಳೆಗಾಲಕ್ಕೂ ತುಂಬುತ್ತಲೇ ಇತ್ತು. ಕಾಲುವೆಯ ಕೊನೆಯ ರೈತನಿಗೆ ನೀರು ಬಾರದೆ ಹೋದಾಗಲೇ ಎಲ್ಲರೂ ಬಾಯಿ ಮಾಡಿದ್ದು. ಎಪ್ಪತ್ತರಲ್ಲಿ ಕಾಣುವ ಮರೆವಿನ ಹೂಳು ತುಂಬುವುದು ಐವತ್ತರಲ್ಲಿ. ಅದಕ್ಕೆ ದಾರಿ ಮಾಡಿಕೊಡುವ ಬಿಪಿ, ಸಕ್ಕರೆ, ಕೊಬ್ಬು ಬಂದು ಕೂರುವುದು ಮೂವತ್ತು, ನಲವತ್ತರಲ್ಲಿ. ಅಂದರೆ ನಿಮ್ಮ ವಯಸ್ಸಿನಲ್ಲಿ.

'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಹದಿನಾಲ್ಕು ಕಾರಣಗಳ ಪಟ್ಟಿ ಕೊಟ್ಟಿತು. ಜಗತ್ತಿನಲ್ಲಿ ಇವಷ್ಟನ್ನೂ ಇಲ್ಲವಾಗಿಸಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ. 45ರಷ್ಟನ್ನು ತಡೆಯಬಹುದು, ಇಲ್ಲವೇ ಮುಂದಕ್ಕೆ ತಳ್ಳಬಹುದು ಎಂಬುದು ಅದರ ಲೆಕ್ಕ. ಇದು ಇಡೀ ಜನಸಮೂಹದ ಲೆಕ್ಕ. ನಿಮ್ಮೊಬ್ಬರಿಗೆ ಕೊಟ್ಟ ಗ್ಯಾರಂಟಿ ಚೀಟಿ ಅಲ್ಲ. ಎಲ್ಲ ಸರಿಯಾಗಿ ಬದುಕಿದವರಿಗೂ ಈ ರೋಗ ಬಂದಿದೆ. ಅವರನ್ನು ಏನು ತಪ್ಪು ಮಾಡಿದ್ದಿರಿ ಎಂದು ಕೇಳಬಾರದು.

ಆ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಎರಡಕ್ಕೆ, ತಲಾ ಶೇ. 7. ಒಂದು, ರಕ್ತದಲ್ಲಿನ ಕೆಟ್ಟ ಕೊಬ್ಬು. ಇನ್ನೊಂದನ್ನು ನಮ್ಮೂರಲ್ಲಿ ಯಾರೂ ಊಹಿಸಲಿಕ್ಕಿಲ್ಲ: ಕಿವುಡು.

ಕಿವಿಮಾತು ಹೇಳಲು ಹೊರಟವನು ಕಿವಿಯ ಬಗ್ಗೆಯೇ ಹೆಚ್ಚು ಮಾತಾಡಿದರೆ ತಪ್ಪಿಲ್ಲ. ಕಿವಿ ಮಂದವಾದ ಅಜ್ಜನ ಮಿದುಳು ಅರೆಬರೆ ಕೇಳಿದ ಮಾತನ್ನು ಕೂಡಿಸಿಕೊಳ್ಳುವುದರಲ್ಲೇ ದಣಿಯುತ್ತದೆ. ನೆನಪಿಟ್ಟುಕೊಳ್ಳಲು ಬಲ ಉಳಿಯುವುದಿಲ್ಲ. ಹೊರಗಿನ ಸದ್ದು ಒಳಗೆ ಹೋಗದೆ ಮಿದುಳಿನ ಆ ಭಾಗಕ್ಕೆ ಕೆಲಸವೇ ಇಲ್ಲದಂತಾಗುತ್ತದೆ. ಮೂರನೆಯದು ನಮ್ಮ ಕಣ್ಣೆದುರೇ ನಡೆಯುವಂಥದ್ದು. ಕೇಳಿಸದವನು ಕಟ್ಟೆಗೆ ಹೋಗುವುದು ಬಿಡುತ್ತಾನೆ, ಭಜನೆಗೆ ಹೋಗುವುದು ಬಿಡುತ್ತಾನೆ. ಮದುವೆ ಮನೆಯಲ್ಲಿ ಒಂದು ಮೂಲೆಯಲ್ಲಿ ಕೂತು ಎಲ್ಲರೂ ನಕ್ಕಾಗ ತಾನೂ ನಗುತ್ತಾನೆ. ಒಂಟಿತನವೂ ಆ ಹದಿನಾಲ್ಕರ ಪಟ್ಟಿಯಲ್ಲಿದೆ.

ಭಾಗ್ಯನಗರದಲ್ಲಿ ಮಗ್ಗದ ಪಕ್ಕ ಬದುಕು ಸವೆಸಿದವರಿದ್ದಾರೆ, ಗಂಗಾವತಿ ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ದುಡಿದವರಿದ್ದಾರೆ, ಕುಷ್ಟಗಿ ಸೀಮೆಯ ಕಲ್ಲು ಕ್ವಾರಿಗಳಲ್ಲಿ ಡ್ರಿಲ್ ಹಿಡಿದವರಿದ್ದಾರೆ. 85 ಡೆಸಿಬೆಲ್‌ಗಿಂತ ಮೇಲಿನ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಕಳೆದರೆ ಕಿವಿಯ ಒಳಗಿನ ಸೂಕ್ಷ್ಮ ಕೂದಲ ಕೋಶಗಳು ಸಾಯುತ್ತಾ ಬರುತ್ತವೆ, ಮತ್ತೆ ಹುಟ್ಟುವುದಿಲ್ಲ. ಇವರ ಮನೆಗಳಲ್ಲಿ 'ಎಷ್ಟ್ ಸಲ ಹೇಳೂದು, ಮರತೇ ಬಿಡತೀ ನೀ' ಎಂಬ ಬೈಗುಳ ದಿನವೂ ಕೇಳುತ್ತದೆ. ಅಜ್ಜ ಮರೆತಿಲ್ಲ, ಮಾರಾಯ. ಮೊದಲ ಸಲ ಅವನಿಗೆ ಕೇಳಿಸಿಯೇ ಇಲ್ಲ. ಮೊದಲು ಕಿವಿಯ ಗುಗ್ಗೆ ತೆಗೆಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಅರ್ಧ 'ಮರೆವು' ಹೋಗುತ್ತದೆ.

ಅಮೆರಿಕದಲ್ಲಿ ಎಪ್ಪತ್ತು ದಾಟಿದ, ಕಿವಿ ಮಂದವಾದ ಸುಮಾರು ಸಾವಿರ ಮಂದಿಯ ಮೇಲೆ ಮೂರು ವರ್ಷ ನಡೆದ ಪ್ರಯೋಗವೊಂದರ ಫಲಿತಾಂಶ 2023ರಲ್ಲಿ ಬಂತು. ಅರ್ಧ ಮಂದಿಗೆ ಶ್ರವಣಯಂತ್ರ, ಉಳಿದರ್ಧಕ್ಕೆ ಬರಿಯ ಆರೋಗ್ಯ ಸಲಹೆ. ಎಲ್ಲರನ್ನೂ ಒಟ್ಟು ಹಾಕಿ ನೋಡಿದರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಬಿಪಿ, ಸಕ್ಕರೆಯಂಥ ಅಪಾಯಗಳು ಹೆಚ್ಚಿದ್ದವರ ಗುಂಪಿನಲ್ಲಿ, ಯಂತ್ರ ಹಾಕಿದವರ ಬುದ್ಧಿಶಕ್ತಿ ಕುಂದುವ ವೇಗ ಶೇ. 48ರಷ್ಟು ತಗ್ಗಿತ್ತು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ಅಪಾಯ ಹೆಚ್ಚಿರುವವರ ಗುಂಪಿಗೇ ಸೇರುವವರು.

ಇನ್ನೊಂದು ಮಾತು. ಯಂತ್ರ ತಂದುಕೊಟ್ಟು ಕೈತೊಳೆದುಕೊಳ್ಳಬೇಡಿ. ಅದು ಕುಂಯ್ ಎನ್ನುತ್ತದೆ, ಪಾತ್ರೆ ಬಿದ್ದರೆ ಗುಡುಗಿದಂತೆ ಕೇಳುತ್ತದೆ. ಅಜ್ಜ ಬಿಚ್ಚಿ ಟ್ರಂಕಿನಲ್ಲಿ ಇಡುತ್ತಾನೆ. ವಾರಗಟ್ಟಲೆ ಜೊತೆಗೆ ಕೂತು, ದಿನಕ್ಕೆ ಒಂದಿಷ್ಟು ಹೊತ್ತಿನಂತೆ ರೂಢಿ ಮಾಡಿಸಬೇಕು. ಬ್ಯಾಟರಿ ಹಾಕಲು ಅವನ ಬೆರಳಿಗೆ ಆಗದು, ಅದು ನಿಮ್ಮ ಕೆಲಸ. ಬಿಪಿಎಲ್ ಮನೆಯ ಹಿರಿಯರಿಗೆ ಶ್ರವಣಯಂತ್ರ, ಕನ್ನಡಕ, ಊರುಗೋಲು ಕೊಡಲೆಂದೇ 2017ರಿಂದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಜಿಲ್ಲೆಯಲ್ಲಿ ಶಿಬಿರ ಯಾವಾಗ ಎಂದು ಹಿರಿಯ ನಾಗರಿಕರ ಇಲಾಖೆಯಲ್ಲಿ ವಿಚಾರಿಸಿ. ಕಣ್ಣಿನ ಪೊರೆಯನ್ನೂ ಮರೆಯಬೇಡಿ. 2024ರ ಆ ಪಟ್ಟಿಗೆ ಹೊಸದಾಗಿ ಸೇರಿದ ಎರಡು ಕಾರಣಗಳಲ್ಲಿ ಕಣ್ಣು ಕಾಣದಿರುವುದೂ ಒಂದು.

ಇನ್ನು ನಿಮ್ಮ ಬಿಪಿ. 'ನನಗೇನಾಗೇತಿ, ಗಟ್ಟಿಮುಟ್ಟ ಅದೀನಿ' ಅನ್ನುವವರೇ ಎಲ್ಲ. ಬಿಪಿಗೆ ನೋವಿಲ್ಲ, ಅದೇ ಅದರ ಕಪಟ. ನಲವತ್ತರ ನಂತರ ಮೇಲಿನ ಅಂಕಿ 130ರೊಳಗೆ ಇರಲಿ ಎಂದು ಅದೇ ಆಯೋಗ ಹೇಳುತ್ತದೆ. ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ ಎಂಬುದಕ್ಕೆ ಚೀನಾದ ಹಳ್ಳಿಗಳು ಸಾಕ್ಷಿ. ಅಲ್ಲಿ 326 ಹಳ್ಳಿಗಳಲ್ಲಿ ಬಿಪಿ ಇದ್ದ ಸುಮಾರು 34,000 ಮಂದಿಯನ್ನು ನಾಲ್ಕು ವರ್ಷ ನೋಡಿದರು. ಅರ್ಧ ಹಳ್ಳಿಗಳಲ್ಲಿ ಎಂಬಿಬಿಎಸ್ ಓದದ ಹಳ್ಳಿ ವೈದ್ಯರೇ ಅಗ್ಗದ ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಿಸಿ, ಬೆನ್ನು ಬಿಡದೆ ಬಿಪಿ ಇಳಿಸಿದರು. ಉಳಿದವುಗಳಲ್ಲಿ ಎಂದಿನ ಚಿಕಿತ್ಸೆ. ಬಿಪಿ ಇಳಿಸಿದ ಹಳ್ಳಿಗಳಲ್ಲಿ ಡಿಮೆನ್ಷಿಯಾ ಶೇ. 15ರಷ್ಟು ಕಡಿಮೆ. ಇದು 2025ರ ಸುದ್ದಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆ ಮಾತ್ರೆ ಪುಕ್ಕಟೆ ಸಿಗುತ್ತದೆ. ತಿಂದವರಿಗೆ ಮಾತ್ರ ಉಪಯೋಗ. 'ಬಿಪಿ ನಾರ್ಮಲ್ ಆತು, ಗುಳಿಗಿ ಬಿಟ್ಟೆ' ಎನ್ನುವವರಿಗೆ ನಾನು ಕೈಮುಗಿಯುತ್ತೇನೆ: ಗುಳಿಗೆ ತಿಂದದ್ದಕ್ಕೇ ಅಲ್ಲವೇ ನಾರ್ಮಲ್ ಆದದ್ದು!

ಉಳಿದವನ್ನು ಬೇಗ ಹೇಳುತ್ತೇನೆ. ಕುಷ್ಟಗಿ ಮುಟ್ಟಿ ಹೋಗುವ ಹೆದ್ದಾರಿ 50, ಕೊಪ್ಪಳ ಮುಟ್ಟುವ ಹೆದ್ದಾರಿ 67, ಎರಡರಲ್ಲೂ ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡು ಹೋಗುವ ಹುಡುಗರನ್ನು ದಿನವೂ ನೋಡುತ್ತೇನೆ. ತಲೆಗೆ ಬಿದ್ದ ಪೆಟ್ಟು ಮೂವತ್ತು ವರ್ಷದ ನಂತರವೂ ಲೆಕ್ಕ ಕೇಳುತ್ತದೆ. ಕೆಟ್ಟ ಕೊಬ್ಬಿನ ನೆಪದಲ್ಲಿ ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿ ಬೇಡ ಎಂದು ಕೊಪ್ಪಳದವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ, ದಿನಾ ಬೇಡ ಎಂದಷ್ಟೇ ಹೇಳುತ್ತೇನೆ. ಬೀಡಿ ಸಿಗರೇಟು ಪಟ್ಟಿಯಲ್ಲಿದೆ. ಗುಟ್ಕಾ ಇಲ್ಲ ಎಂದು ಯಾರೂ ಹಿಗ್ಗಬೇಡಿ, ಅದು ಬಾಯಿಯ ಕ್ಯಾನ್ಸರಿನ ಪಟ್ಟಿಯಲ್ಲಿ ಮೊದಲೇ ಇದೆ. ಕೆಟ್ಟ ಗಾಳಿಯೂ ಪಟ್ಟಿಯಲ್ಲಿದೆ. ಗಿಣಿಗೇರಿ ಸುತ್ತಿನ ಹಳ್ಳಿಯವರು ಮನೆಯ ಮಾಳಿಗೆಯ ಮೇಲಿನ ಕಪ್ಪು ದೂಳು ಗುಡಿಸಿ ತೋರಿಸುವಾಗ ಅವರು ಬರಿಯ ಕೆಮ್ಮಿನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಇನ್ನು ತಿಳಿಯಬೇಡಿ.

ಒಂದನ್ನು ಮಾತ್ರ ಬೇಗ ದಾಟಲಾರೆ. ಚಿಕ್ಕಂದಿನಲ್ಲಿ ಶಾಲೆ ತಪ್ಪಿದ್ದು ಕೂಡ ಅಪಾಯದ ಕಾರಣಗಳಲ್ಲಿ ಒಂದು, ಅದರ ಪಾಲು ಶೇ. 5. ಓದು ಕಟ್ಟಿಕೊಟ್ಟ ಮಿದುಳಿಗೆ ಪೆಟ್ಟು ತಾಳುವ ಹೆಚ್ಚಿನ ಸಂಗ್ರಹ ಇರುತ್ತದೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 58ರ ಒಳಗೇ ಇತ್ತು. ಏಳನೇತ್ತೆ ಮುಗಿದ ತಂಗಿಯನ್ನು ಹತ್ತಿ ಬಿಡಿಸಲು, ಇಲ್ಲವೇ ಮದುವೆ ಮಾಡಲು ಶಾಲೆ ಬಿಡಿಸುವ ಅಣ್ಣಂದಿರೇ, ನೀವು ಅವಳ ಎಪ್ಪತ್ತನೆಯ ವರ್ಷದಿಂದಲೂ ಏನೋ ಕಿತ್ತುಕೊಳ್ಳುತ್ತಿದ್ದೀರಿ.

ಶಾಲೆಗೆ ಹೋಗದವರಿಗೂ ನಮ್ಮ ಸೀಮೆ ಇನ್ನೊಂದು ಆಸ್ತಿ ಕೊಟ್ಟಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಅಭ್ಯಾಸ ಮಾಡಿ 2013ರಲ್ಲಿ ಪ್ರಕಟಿಸಿದರು: ಎರಡು ಭಾಷೆ ಆಡುವವರಿಗೆ, ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಡಿಮೆನ್ಷಿಯಾ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಹೀಗೇ. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಅಜ್ಜಂದಿರಿಗೆ ಕನ್ನಡದ ಜೊತೆ ಉರ್ದು ಬರುತ್ತಿತ್ತು. ಗಂಗಾವತಿ ಸುತ್ತಿನ ಕ್ಯಾಂಪುಗಳಲ್ಲಿ ತೆಲುಗು ಬಾರದವರೇ ಕಡಿಮೆ. ತಾಂಡಾದ ಮಕ್ಕಳು ಲಂಬಾಣಿ, ಕನ್ನಡ ಎರಡನ್ನೂ ಆಡುತ್ತಾರೆ. ಈಗಿನ ಅಪ್ಪ ಅಮ್ಮಂದಿರು ಮನೆಮಾತು ಆಡಿದರೆ ಇಂಗ್ಲಿಷ್ ಕೆಡುತ್ತದೆ ಎಂದು ಹೆದರುತ್ತಾರೆ. ಆ ಹೆದರಿಕೆ ಬಿಡಿ, ಮನೆಯಲ್ಲಿರುವ ಎಲ್ಲ ಭಾಷೆಗಳೂ ಮಕ್ಕಳ ಬಾಯಲ್ಲಿ ಇರಲಿ.

ಈಗ ಗುರುತು ಹಿಡಿಯುವ ಮಾತು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ನನ್ನಂಥವರ ದಿನಚರಿ, ಅದಕ್ಕೆ ಗಾಬರಿ ಬೇಡ. ಹೊಸದಾಗಿ ಏನು ಬದಲಾಯಿತು ಎಂಬುದನ್ನು ನೋಡಿ. ಬಡ್ಡಿಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದ ಅವ್ವ ಸಂತೆಯಲ್ಲಿ ಐವತ್ತಕ್ಕೆ ಐನೂರರ ನೋಟು ಕೊಟ್ಟು ಬಂದಳೇ? ನಲವತ್ತು ವರ್ಷ ನಡೆದ ಹೊಲದ ದಾರಿಯಲ್ಲಿ ಅಪ್ಪ ಕವಲು ತಪ್ಪಿದನೇ? ಪಲ್ಯಕ್ಕೆ ಎರಡು ಸಲ ಉಪ್ಪು, ಒಂದೇ ಪ್ರಶ್ನೆ ಒಂದು ತಾಸಿನಲ್ಲಿ ಹತ್ತು ಸಲ, ಸೊಸೆ ದುಡ್ಡು ಕದ್ದಳೆಂಬ ಇಲ್ಲದ ಅನುಮಾನ, ಹಬ್ಬದ ಅಡುಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಒಲೆಯ ಮುಂದೆ ಸುಮ್ಮನೆ ಕೂರುವುದು. ಇಂಥದ್ದು ಆರು ತಿಂಗಳಲ್ಲಿ ಹೆಚ್ಚುತ್ತಾ ಬಂದರೆ ತೋರಿಸಬೇಕು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾ ವರ್ಷ ಕಳೆಯಬೇಡಿ. ಎರಡು ದಿನದಲ್ಲೇ ಒಮ್ಮೆಗೆ ಗೊಂದಲ ಶುರುವಾದರೆ ಅದು ಬೇರೆ: ಸೋಂಕು, ಪಾರ್ಶ್ವವಾಯು, ಬಿದ್ದು ತಲೆಯೊಳಗೆ ರಕ್ತ ಕೂತದ್ದು, ಏನೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ತೋರಿಸುವುದಕ್ಕೆ ಒಂದು ದೊಡ್ಡ ಕಾರಣವಿದೆ. ಬಿ-12 ಕೊರತೆ, ಥೈರಾಯ್ಡ್ ಇಳಿತ, ಮನಸ್ಸಿನ ಖಿನ್ನತೆ, ನಿದ್ದೆ ಮಾತ್ರೆ, ಇವೆಲ್ಲ ಡಿಮೆನ್ಷಿಯಾದಂತೆಯೇ ಕಾಣಿಸುತ್ತವೆ ಮತ್ತು ಇವಕ್ಕೆ ಚಿಕಿತ್ಸೆ ಇದೆ. ಅಕ್ಷರ ಬಾರದ ಅಜ್ಜಿಗೆ ಗಡಿಯಾರ ಬರೆ, ವಾಕ್ಯ ಬರೆ ಎನ್ನುವ ಪರೀಕ್ಷೆ ಕೊಟ್ಟರೆ ಆಕೆ ಸೋಲುವುದು ಖಂಡಿತ. ಈ ತೊಡಕಿಗೆಂದೇ ಐಸಿಎಂಆರ್ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ, ಓದು ಬಾರದವರಿಗೂ ಒಗ್ಗುವಂತೆ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮ ಆಮೇಲೆ ಜಿಲ್ಲಾ ಆಸ್ಪತ್ರೆಗಳಿಗೂ ಹರಡಿತು. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಂತೂ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ನಮ್ಮಂಥ ಒಣಬೇಸಾಯದ ಜನರ ಮಿದುಳಿನ ಕಥೆ ಅಮೆರಿಕದ ಪುಸ್ತಕದಿಂದ ತಿಳಿಯುವುದಿಲ್ಲ. ಇಂಥದ್ದು ಕಲ್ಯಾಣ ಕರ್ನಾಟಕದಲ್ಲೂ ಆಗಬೇಕು.

ರಕ್ತಪರೀಕ್ಷೆಯ ಸುದ್ದಿಯನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ರಕ್ತದಲ್ಲಿ ಪಿ-ಟಾವ್ 217 ಎಂಬ ಅಂಶವನ್ನು ಅಮಿಲಾಯ್ಡ್ ಜೊತೆ ಹೋಲಿಸಿ ಅಳೆದು ಅಲ್ಝೈಮರ್ ಸುಳಿವು ಹಿಡಿಯುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕರು 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟರು. ಬೆನ್ನುಹುರಿಯ ನೀರು ತೆಗೆಯುವ, ದುಬಾರಿ ಸ್ಕ್ಯಾನ್ ಮಾಡಿಸುವ ಕಷ್ಟ ಇದರಿಂದ ತಗ್ಗುತ್ತದೆ. ಆದರೆ ಅದು ಲಕ್ಷಣ ಕಂಡವರಿಗೆ, ತಜ್ಞರು ಬರೆದುಕೊಟ್ಟಾಗ ಮಾಡಿಸುವಂಥದ್ದು. ಆರೋಗ್ಯವಾಗಿರುವ ನೀವು ಲ್ಯಾಬಿಗೆ ಹೋಗಿ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಳ್ಳುವುದಕ್ಕಲ್ಲ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಹೊಸ ಔಷಧಿಗಳೂ ರೋಗದ ಆರಂಭದಲ್ಲಿ ಮಾತ್ರ ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ. ಹೋದ ನೆನಪನ್ನು ತರುವುದಿಲ್ಲ, ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಇದೆ. ನೆನಪಿನ ಶಕ್ತಿಗೆ ಗ್ಯಾರಂಟಿ ಎಂದು ಮಾರುವ ಟಾನಿಕ್ಕಿಗೆ ಕೊಡುವ ದುಡ್ಡಿನಲ್ಲಿ ಅವ್ವನಿಗೆ ಕನ್ನಡಕ ಕೊಡಿಸಿ.

ರೋಗ ಇದೆ ಎಂದು ಗೊತ್ತಾದ ಮೇಲೆ 'ನಾನ್ಯಾರು ಹೇಳು ನೋಡೋಣ' ಎಂದು ಬಂದವರೆಲ್ಲ ಪರೀಕ್ಷೆ ಮಾಡಬೇಡಿ. ಹೆಸರು ಹೇಳಿಕೊಂಡೇ ಮಾತು ಶುರು ಮಾಡಿ: 'ಅಜ್ಜಾ, ನಾ ನಿನ್ನ ಮೊಮ್ಮಗ ಬಂದೀನಿ.' ಹುಲಿಗೆಮ್ಮನ ಹುಣ್ಣಿಮೆಗೆ, ಗವಿಮಠದ ಜಾತ್ರೆಗೆ ಕರೆದೊಯ್ಯುವಾಗ ಅಂಗಿಯ ಜೇಬಿನಲ್ಲಿ, ಕುಪ್ಪಸದ ಅಂಚಿನಲ್ಲಿ ಫೋನ್ ನಂಬರ್ ಹೊಲಿದಿಡಿ. ಮರೆವಿನ ಅಪ್ಪ ಕಳೆದುಹೋಗುವ 2016ರ ಸಿನಿಮಾ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ನೋಡಿ ಅತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಳೆ ಹೋದವರು, ಬೆಂಗಳೂರು, ಮಂಗಳೂರು, ಗೋವಾದಲ್ಲಿ ದುಡಿಯುವವರು ದಿನಕ್ಕೊಮ್ಮೆ ಫೋನ್ ಮಾಡಿ, ಉಂಡಿಯಾ ಎಂದು ಕೇಳಿ ಇಟ್ಟುಬಿಡಬೇಡಿ, ಉಂಡದ್ದು ಏನು ಎಂದೂ ಕೇಳಿ. ಹಿರಿಯರ ಮೈ ತೊಳೆಯುವ, ರಾತ್ರಿ ಎದ್ದು ಕಾಯುವ ಕೆಲಸ ಪೂರ್ತಿ ಸೊಸೆಯ ಮೇಲೆ ಬೀಳುತ್ತದೆ. ಗಂಡುಮಕ್ಕಳು ಅದರಲ್ಲಿ ಸರಿಪಾಲು ಹೊರಬೇಕು. ನೆನಪು ಕಳೆದವನ ಹೆಬ್ಬೆಟ್ಟು ಒತ್ತಿಸಿಕೊಂಡು ಪಹಣಿಯಲ್ಲಿ ಹೆಸರು ಬದಲಿಸುವವರೂ ನಮ್ಮ ನಡುವೆ ಇದ್ದಾರೆ. ಅದಕ್ಕೆ ಕಳ್ಳತನ ಎನ್ನುವುದಕ್ಕಿಂತ ಮೆತ್ತನೆಯ ಮಾತು ನನ್ನಲ್ಲಿಲ್ಲ.

ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416, ಹಿರಿಯರ ನೆರವಿಗೆ ಎಲ್ಡರ್‌ಲೈನ್ 14567. ಎರಡೂ ಉಚಿತ, ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಮುಂದಿನ ಸಲ ಊರಿಗೆ ಬಂದಾಗ ಅಜ್ಜನನ್ನು ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲಿನ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅವನ ಸರದಿ ಬರುವವರೆಗೆ ಸುಮ್ಮನೆ ಕೂರಬೇಡಿ, ಅಲ್ಲೇ ನಿಮ್ಮ ತೋಳು ಚಾಚಿ ಬಿಪಿಯನ್ನೂ ನೋಡಿಸಿಕೊಳ್ಳಿ.